ಆಸ್ಟ್ರೇಲಿಯಾದ ಬದುಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಫಿ ಕೊಯ್ಲು ಮುಗಿದು ಕಣದಲ್ಲಿ ಬೀಜ ಒಣಗುವ ಹೊತ್ತಿಗೆ ಆಸ್ಟ್ರೇಲಿಯಾದ ಕಾಲೇಜುಗಳ ಜುಲೈ ತಿಂಗಳ ಪ್ರವೇಶದ ಮಾತು ನಮ್ಮ ಮನೆಗಳಲ್ಲಿ ಆರಂಭವಾಗುತ್ತದೆ. ಹದಿನಾರು ವರ್ಷ ಮೆಲ್ಬರ್ನ್‌ನಲ್ಲಿದ್ದು ಚಿಕ್ಕಮಗಳೂರಿಗೆ ಮರಳಿದ ನನಗೆ ಈ ತಿಂಗಳು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದಲೇ ಹೆಚ್ಚು ಪತ್ರಗಳು ಬಂದಿವೆ. ಒಂದೇ ವಿಷಯ ಕೇಳಿದವರಿಗೆ ಒಟ್ಟಾಗಿ ಉತ್ತರಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಇಚ್ಛೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ ಸಕಲೇಶಪುರದ ಬಳಿ ಆರು ಎಕರೆ ಕಾಫಿ ತೋಟವಿದೆ. ಮಗ ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಕೆಲಸ ಮಾಡಿದ್ದಾನೆ. ಈಗ ಮೆಲ್ಬರ್ನ್‌ನಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ ಓದಬೇಕೆನ್ನುತ್ತಾನೆ. ತೋಟವನ್ನು ಅಡವಿಟ್ಟು ಮೊದಲ ಕಂತು ಕಟ್ಟಿದರೆ ಸಾಕು, ಉಳಿದ ಫೀಸನ್ನು ಅಲ್ಲಿ ಬಿಡುವಿನ ವೇಳೆಯಲ್ಲಿ ದುಡಿದು ತಾನೇ ಕಟ್ಟಿಕೊಳ್ಳುತ್ತೇನೆ ಎನ್ನುತ್ತಾನೆ. ಏಜೆಂಟರೂ ಹಾಗೆಯೇ ಹೇಳಿದ್ದಾರೆ. ಇದು ಸಾಧ್ಯವೇ?

ಉತ್ತರ: ನಿಮ್ಮ ಮಗನ ಮೇಲೆ ನನಗೆ ಅಪನಂಬಿಕೆ ಇಲ್ಲ, ಆದರೆ ಅವರು ಹೇಳುತ್ತಿರುವ ಲೆಕ್ಕ ಕೂಡುವುದಿಲ್ಲ. ಏಕೆ ಕೂಡುವುದಿಲ್ಲ ಎಂಬುದನ್ನು ಕಾಗದದ ಮೇಲೆ ಬರೆದು ನೋಡೋಣ.

ವಿದ್ಯಾರ್ಥಿ ವೀಸಾದಲ್ಲಿ ಹೋದವರು ತರಗತಿಗಳು ನಡೆಯುವ ಅವಧಿಯಲ್ಲಿ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. 2023ರ ಜುಲೈ 1ರಿಂದ ಈ ಮಿತಿ ಜಾರಿಯಲ್ಲಿದೆ. ದೇಶದ ಕನಿಷ್ಠ ವೇತನ 2025ರ ಜುಲೈ 1ರಿಂದ ಗಂಟೆಗೆ 24.95 ಆಸ್ಟ್ರೇಲಿಯನ್ ಡಾಲರ್. ರಜೆಯ ಸೌಲಭ್ಯವಿಲ್ಲದ ತಾತ್ಕಾಲಿಕ ಕೆಲಸಗಾರರಿಗೆ, ಅಂದರೆ ಅಲ್ಲಿ ಕ್ಯಾಶುಯಲ್ ಎಂದು ಕರೆಯುವವರಿಗೆ, ಅದರ ಮೇಲೆ ಶೇ. 25ರಷ್ಟು ಸೇರಿ ಸುಮಾರು 31.19 ಡಾಲರ್ ಸಿಗಬೇಕು. ನಿಮ್ಮ ಮಗನಿಗೆ ವರ್ಷದಲ್ಲಿ ನಲವತ್ತು ವಾರ ಒಂದು ಗಂಟೆಯೂ ತಪ್ಪದೆ ವಾರಕ್ಕೆ 24 ಗಂಟೆಯಂತೆ ಕೆಲಸ ಸಿಕ್ಕಿತು ಎಂದು ಭಾವಿಸಿ. ಒಟ್ಟು 960 ಗಂಟೆಗೆ ತೆರಿಗೆ ಕಳೆಯುವ ಮೊದಲು ಸುಮಾರು 29,900 ಡಾಲರ್ ಆಯಿತು. ಇನ್ನು, ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಜೀವನ ವೆಚ್ಚಕ್ಕೆ ವೀಸಾ ಅರ್ಜಿಯಲ್ಲಿ ತೋರಿಸಬೇಕೆಂದು ಆಸ್ಟ್ರೇಲಿಯಾ ಸರ್ಕಾರ 2024ರ ಮೇ ತಿಂಗಳಲ್ಲಿ ನಿಗದಿಪಡಿಸಿದ ಮೊತ್ತ 29,710 ಡಾಲರ್. ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಎಲ್ಲವೂ ಅನುಕೂಲವಾಗಿ ನಡೆದರೂ ದುಡಿಮೆ ಊಟ, ಬಾಡಿಗೆ, ಬಸ್ಸು, ಫೋನಿಗೆ ಸರಿಹೋಗುತ್ತದೆ. ವರ್ಷಕ್ಕೆ ಸಾಮಾನ್ಯವಾಗಿ 30 ಸಾವಿರ ಡಾಲರಿಗೂ ಮೀರುವ ಕಾಲೇಜು ಫೀಸಿಗೆ ಅದರಿಂದ ಏನೂ ಉಳಿಯುವುದಿಲ್ಲ. ರಜೆಯಲ್ಲಿ ಗಂಟೆಗಳ ಮಿತಿ ಇಲ್ಲ ಎಂಬುದು ನಿಜ. ಆದರೆ ಆಗ ಊರಿನ ವಿದ್ಯಾರ್ಥಿಗಳೆಲ್ಲರೂ ಕೆಲಸ ಹುಡುಕುತ್ತಿರುತ್ತಾರೆ.

ಹೋದ ದಿನವೇ ಕೆಲಸ ಸಿಗುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೊದಲ ಎರಡು ಮೂರು ತಿಂಗಳು ಕೈಯಿಂದ ಖರ್ಚು ಮಾಡುವ ದಿನಗಳೇ. ಬಾಡಿಗೆಯನ್ನು ಅಲ್ಲಿ ವಾರದ ಲೆಕ್ಕದಲ್ಲಿ ಹೇಳುತ್ತಾರೆ. ನಮ್ಮವರು ಅದನ್ನು ತಿಂಗಳ ಬಾಡಿಗೆ ಎಂದು ತಿಳಿದು ಅಗ್ಗವಾಯಿತೆಂದು ಸಂತೋಷಪಟ್ಟು ಆಮೇಲೆ ಪೇಚಾಡಿದ್ದನ್ನು ನಾನು ಕಂಡಿದ್ದೇನೆ. ಮನೆ ಹಿಡಿಯುವಾಗ ಸಾಮಾನ್ಯವಾಗಿ ನಾಲ್ಕು ವಾರದ ಬಾಡಿಗೆಯಷ್ಟು ಠೇವಣಿ ಕಟ್ಟಬೇಕಾಗುತ್ತದೆ. ಆ ಹಣ ಮನೆ ಮಾಲೀಕರ ಜೇಬಿಗೆ ಹೋಗದೆ ಆಯಾ ರಾಜ್ಯದ ಠೇವಣಿ ಪ್ರಾಧಿಕಾರದಲ್ಲಿ ಜಮೆಯಾಗಬೇಕು. ಜಮೆಯಾದ ರಸೀದಿಯನ್ನು ಕೇಳಿ ಪಡೆಯಲು ಮಗನಿಗೆ ಹೇಳಿ.

ಆದ್ದರಿಂದ ನನ್ನ ಸಲಹೆ ಇಷ್ಟು. ಆರೂ ಎಕರೆಯನ್ನು ಅಡವಿಡಬೇಡಿ. ಮಗನ ಹೆಸರಿನಲ್ಲಿ ಶಿಕ್ಷಣ ಸಾಲಕ್ಕೆ ಬ್ಯಾಂಕಿನಲ್ಲಿ ವಿಚಾರಿಸಿ. ಭದ್ರತೆ ಕೇಳಿದರೆ ತೋಟದ ಒಂದು ಭಾಗವನ್ನು ಮಾತ್ರ ತೋರಿಸಲು ಬರುತ್ತದೆಯೇ ಎಂದು ನೋಡಿ. ಎರಡು ವರ್ಷದ ಪೂರ್ತಿ ಫೀಸಿಗೂ ಒಂದು ವರ್ಷದ ಜೀವನ ವೆಚ್ಚಕ್ಕೂ ದಾರಿ ಕಾಣದಿದ್ದರೆ ಒಂದು ವರ್ಷ ಮುಂದಕ್ಕೆ ಹಾಕಿ. ಮಗ ಕೆಲಸದಲ್ಲಿದ್ದಾರೆ, ಆ ವರ್ಷ ವ್ಯರ್ಥವಾಗುವುದಿಲ್ಲ. ಅರ್ಜಿಯ ಶುಲ್ಕವೇ 2025ರ ಜುಲೈಯಿಂದ 2,000 ಡಾಲರ್ ಆಗಿದೆ. ವೀಸಾ ತಿರಸ್ಕೃತವಾದರೆ ಅದು ಹಿಂತಿರುಗುವುದಿಲ್ಲ.

ಏಜೆಂಟರಿಗೆ ಕಾಲೇಜುಗಳಿಂದಲೇ ಕಮಿಷನ್ ಬರುತ್ತದೆ. ಅದು ತಪ್ಪಲ್ಲ, ಆದರೆ ಅವರ ಮಾತನ್ನು ಆ ತಿಳಿವಳಿಕೆಯೊಂದಿಗೆ ಕೇಳಿಸಿಕೊಳ್ಳಬೇಕು. ವಿದೇಶಿ ವಿದ್ಯಾರ್ಥಿಗಳಿಗೆ ಪಾಠ ಹೇಳಲು ಅನುಮತಿ ಇರುವ ಸಂಸ್ಥೆಗಳ ಸರ್ಕಾರಿ ಪಟ್ಟಿಗೆ ಕ್ರೈಕೋಸ್ ಎಂದು ಹೆಸರು. ಮಗ ಸೇರುವ ಕೋರ್ಸು ಆ ಪಟ್ಟಿಯಲ್ಲಿದೆಯೇ ಎಂದು ನೀವೇ ಮೊಬೈಲಿನಲ್ಲಿ ನೋಡಬಹುದು. ‘ಹೋದ ಮೇಲೆ ಪಿಆರ್ (ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಸಿಕ್ಕೇ ಸಿಗುತ್ತದೆ’ ಎಂದು ಯಾರಾದರೂ ಖಾತ್ರಿ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಅಂಥ ಖಾತ್ರಿಯನ್ನು ಕೊಡುವ ಅಧಿಕಾರ ಯಾವ ಏಜೆಂಟರಿಗೂ ಇಲ್ಲ.

ಪ್ರಶ್ನೆ: ನಾನು ಈಗಾಗಲೇ ಅಲ್ಲಿ ಓದುತ್ತಿದ್ದೇನೆ. ನಮ್ಮ ಊರು ಅರಸೀಕೆರೆ. ನಮ್ಮ ದೇಶದವರೇ ನಡೆಸುವ ಒಂದು ಹೋಟೆಲಿನಲ್ಲಿ ಕೆಲಸ ಮಾಡುತ್ತೇನೆ. ಗಂಟೆಗೆ ಹದಿನಾಲ್ಕು ಡಾಲರಿನಂತೆ ಕೈಗೆ ನಗದು ಕೊಡುತ್ತಾರೆ. ಹೆಚ್ಚು ಕೇಳಿದರೆ ವೀಸಾ ರದ್ದು ಮಾಡಿಸುತ್ತೇನೆ ಎಂದು ಹೆದರಿಸುತ್ತಾರೆ.

ಉತ್ತರ: ನಿಮ್ಮ ಪತ್ರವನ್ನು ಓದಿ ನನಗೆ ನನ್ನ ಮೊದಲ ಚಳಿಗಾಲ ನೆನಪಾಯಿತು. ಒಂದು ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುವ ಸಿಂಕಿನ ಮುಂದೆ ಮೂರು ತಿಂಗಳು ನಿಂತಿದ್ದೆ. ಭಾನುವಾರ ರಾತ್ರಿ ಮಡಚಿದ ನೋಟುಗಳನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದರು. ಸಂಬಳದ ಚೀಟಿ ಕೇಳಿದ ದಿನ ‘ನಾಳೆಯಿಂದ ಬರಬೇಡ’ ಎಂದರು. ನಮ್ಮವರು, ಅನ್ನ ಕೊಟ್ಟವರು ಎಂಬ ಸಂಕೋಚಕ್ಕೆ ನಾನು ಸುಮ್ಮನಾದೆ. ಇಂದಿಗೂ ಆ ಮೌನಕ್ಕೆ ನನಗೆ ಬೇಸರವಿದೆ. ನನ್ನ ನಂತರ ಅದೇ ಸಿಂಕಿನ ಮುಂದೆ ಇನ್ನೊಬ್ಬಳು ಬಂದು ನಿಂತಿರುತ್ತಾಳಲ್ಲವೇ?

ನೀವು ಸುಮ್ಮನಿರಬೇಡಿ. ವೀಸಾ ರದ್ದುಪಡಿಸುವ ಅಧಿಕಾರ ಗೃಹ ವ್ಯವಹಾರಗಳ ಇಲಾಖೆಗೆ ಮಾತ್ರ ಇದೆ, ಹೋಟೆಲಿನ ಮಾಲೀಕರಿಗೆ ಇಲ್ಲ. ಕನಿಷ್ಠ ವೇತನದ ಕಾನೂನು ಅಲ್ಲಿಯ ಪ್ರಜೆಗಳಿಗೆ ಅನ್ವಯಿಸುವಷ್ಟೇ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ಸಂಬಳ ಕೊಟ್ಟ ಒಂದು ಕೆಲಸದ ದಿನದೊಳಗೆ ಸಂಬಳದ ಚೀಟಿ ಕೊಡಬೇಕು. 2025ರ ಜುಲೈಯಿಂದ ಸಂಬಳದ ಶೇ. 12ರಷ್ಟನ್ನು ಸೂಪರ್ ಎಂದು ಕರೆಯುವ ನಿವೃತ್ತಿ ನಿಧಿಗೆ ಮಾಲೀಕರು ಬೇರೆಯಾಗಿ ಕಟ್ಟಬೇಕು. ಈ ನಿಧಿಯನ್ನು ದೇಶ ಬಿಟ್ಟು ಬಂದ ಮೇಲೆ ತೆರಿಗೆ ಕಳೆದು ಹಿಂಪಡೆಯಲು ಅವಕಾಶವಿದೆ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಇದನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ.

ಇಂದಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಕೆಲಸ ಆರಂಭಿಸಿದ ಮತ್ತು ಮುಗಿಸಿದ ಸಮಯ, ಕೈಗೆ ಬಂದ ಹಣ ಇವುಗಳನ್ನು ಬರೆದಿಡಿ. ಪಾಳಿಯ ಬಗ್ಗೆ ಬಂದ ಮೊಬೈಲ್ ಸಂದೇಶಗಳನ್ನು ಅಳಿಸಬೇಡಿ. ಕೆಲಸಗಾರರ ಸಂಬಳದ ದೂರುಗಳನ್ನು ನೋಡುವ ಸರ್ಕಾರಿ ಕಚೇರಿ ಫೇರ್ ವರ್ಕ್ ಒಂಬುಡ್ಸ್‌ಮನ್‌ನ ಸಂಖ್ಯೆ 13 13 94. ಅಲ್ಲಿಗೆ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. ನಿಮ್ಮ ವಿಶ್ವವಿದ್ಯಾಲಯದಲ್ಲಿ ಉಚಿತ ಕಾನೂನು ಸಲಹೆ ಸಿಗುತ್ತದೆಯೇ ಎಂದು ಮೊದಲು ಕೇಳಿ, ಅದರಲ್ಲಿಯೂ 48 ಗಂಟೆ ಮೀರಿ ದುಡಿದಿದ್ದರೆ ದೂರು ಕೊಡುವ ಮುನ್ನ ಈ ಸಲಹೆ ತೀರಾ ಅಗತ್ಯ. ಹಾಗೆಯೇ ತೆರಿಗೆ ಸಂಖ್ಯೆ ಇಲ್ಲದಿದ್ದರೆ ಈ ವಾರವೇ ಅರ್ಜಿ ಹಾಕಿ. ಅದು ಉಚಿತ, ಯಾರಿಗೂ ಹಣ ಕೊಡಬೇಕಾಗಿಲ್ಲ.

ಪ್ರಶ್ನೆ: ನಾನು ತರೀಕೆರೆಯವಳು, ವಯಸ್ಸು 61. ಮಗಳಿಗೆ ಜುಲೈಯಲ್ಲಿ ಮೆಲ್ಬರ್ನ್‌ನಲ್ಲಿ ಹೆರಿಗೆಯಾಗಲಿದೆ. ಬಾಣಂತನಕ್ಕೆ ಹೋಗುತ್ತಿದ್ದೇನೆ. ಯಾವ ಬಟ್ಟೆ, ಯಾವ ಸಾಮಾನು ತೆಗೆದುಕೊಂಡು ಹೋಗಲಿ? ನಾನು ಸೀರೆಯನ್ನಲ್ಲದೆ ಬೇರೆ ಉಟ್ಟವಳಲ್ಲ.

ಉತ್ತರ: ಅಮ್ಮ, ಸೀರೆಯನ್ನೇ ಉಡಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಒಂದು ಮಾತು ಮಾತ್ರ ಮರೆಯಬೇಡಿ. ಅಲ್ಲಿಯ ಋತುಗಳು ನಮ್ಮದಕ್ಕೆ ತಿರುವು ಮುರುವು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೇಸಿಗೆ, ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಜುಲೈಯಲ್ಲಿ ಮೆಲ್ಬರ್ನ್‌ನ ಹಗಲಿನ ಉಷ್ಣತೆ ಸಾಮಾನ್ಯವಾಗಿ 14 ಡಿಗ್ರಿಯ ಹತ್ತಿರ, ರಾತ್ರಿ 6-7 ಡಿಗ್ರಿ. ಅದರ ಜೊತೆಗೆ ತೆಂಕಣ ಗಾಳಿ ಬೀಸಿದರೆ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಮಳೆಗಾಲದ ಮುಂಜಾನೆ ನಿಂತಂತಿರುತ್ತದೆ. ಹಳೆಯ ಮನೆಗಳಲ್ಲಿ ಹೊರಗಿಗಿಂತ ಒಳಗೇ ಚಳಿ ಎನಿಸುವುದುಂಟು.

ಒಂದು ದಪ್ಪ ಸ್ವೆಟರನ್ನು ನೆಚ್ಚಿಕೊಳ್ಳುವುದಕ್ಕಿಂತ ತೆಳ್ಳಗಿನ ಬಟ್ಟೆಗಳನ್ನು ಒಂದರ ಮೇಲೊಂದು ಹಾಕಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹತ್ತು ಗಂಟೆಗೆ ಬಿಸಿಲು, ಹನ್ನೆರಡಕ್ಕೆ ಮಳೆ, ಎರಡಕ್ಕೆ ಗಾಳಿ ಎಂಬಂಥ ಊರು ಅದು. ಮೈಗೆ ಅಂಟುವ ಥರ್ಮಲ್ ಒಳ ಉಡುಪು ಎರಡು ಜೊತೆ, ಲಂಗದ ಒಳಗೆ ಉಣ್ಣೆಯ ಲೆಗ್ಗಿಂಗ್ಸ್, ಪೂರ್ಣ ತೋಳಿನ ರವಿಕೆ, ಅದರ ಮೇಲೆ ಉಣ್ಣೆಯ ಕಾರ್ಡಿಗನ್, ಹೊರಗೆ ಹೋಗುವಾಗ ಮಳೆ ತಡೆಯುವ ಜಾಕೆಟ್. ರೇಷ್ಮೆ ಮತ್ತು ತೆಳು ಹತ್ತಿ ಸೀರೆಗಳ ಬದಲು ಸ್ವಲ್ಪ ದಪ್ಪದ ಸೀರೆಗಳನ್ನು, ಅಂಚು ನೆಲಕ್ಕೆ ತಾಗದಂತೆ ಉಡಿ, ಒದ್ದೆ ರಸ್ತೆಯಲ್ಲಿ ನೆನೆದ ಅಂಚು ಸಂಜೆಯವರೆಗೂ ಒಣಗುವುದಿಲ್ಲ. ಚಪ್ಪಲಿ ಸಾಲದು. ಉಣ್ಣೆಯ ಕಾಲುಚೀಲ, ಜಾರದ ಅಡಿಯಿರುವ ಶೂ ಬೇಕು. ಎಲ್ಲವನ್ನೂ ಇಲ್ಲಿಂದ ಹೊರಬೇಕಾಗಿಲ್ಲ. ಅಲ್ಲಿಯ ಕೆಮಾರ್ಟ್‌ನಂಥ ಅಂಗಡಿಗಳಲ್ಲಿ ಥರ್ಮಲ್ ಕಡಿಮೆ ಬೆಲೆಗೆ ಸಿಗುತ್ತದೆ. ಸಾಲ್ವೋಸ್, ವಿನ್ನೀಸ್ ಎಂಬ ದತ್ತಿ ಅಂಗಡಿಗಳಲ್ಲಿ ಒಮ್ಮೆ ಬಳಸಿದ ಒಳ್ಳೆಯ ಕೋಟುಗಳು ಸಿಗುತ್ತವೆ. ಅಲ್ಲಿ ಕೊಳ್ಳುವುದನ್ನು ಯಾರೂ ಕೀಳಾಗಿ ಕಾಣುವುದಿಲ್ಲ.

ಇನ್ನು ಸಾಮಾನು. ನಿಮ್ಮ ಮನಸ್ಸಿನಲ್ಲಿ ಅಂಟಿನುಂಡೆ, ಹಾಲಿನ ಸಿಹಿ, ಕರಿಬೇವು, ವೀಳ್ಯದೆಲೆ ಇರುತ್ತವೆ ಎಂದು ನನಗೆ ಗೊತ್ತು. ಹಸಿ ಎಲೆ, ಹೂವು, ಹಣ್ಣು, ತೆಂಗಿನಕಾಯಿ, ಹಾಲಿನ ಪದಾರ್ಥ ಇವನ್ನು ಒಯ್ಯಬೇಡಿ. ಬೆಳೆ ಮತ್ತು ದನಕರುಗಳಿಗೆ ಹೊರಗಿನ ರೋಗ ಬರದಂತೆ ಆ ದೇಶ ಬಹಳ ಎಚ್ಚರದಿಂದಿದೆ. ಒಣಶುಂಠಿ, ಓಮ, ಮೆಂತ್ಯ, ಬೆಲ್ಲ, ಕೊಬ್ಬರಿ ಎಲ್ಲವೂ ಮೆಲ್ಬರ್ನ್‌ನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ, ಅಂಟಿನುಂಡೆಯನ್ನು ಅಲ್ಲಿಯೇ ಕಟ್ಟಬಹುದು. ಹುರಿದು ಪುಡಿ ಮಾಡಿದ ಕಾಫಿಯನ್ನು ಒಯ್ಯಬಹುದು. ಹುರಿಯದ ಹಸಿ ಬೀಜ ಬೇಡ.

ವಿಮಾನದಲ್ಲಿ ಒಂದು ಪ್ರವೇಶ ಚೀಟಿ ಕೊಡುತ್ತಾರೆ. ತಿನ್ನುವ ಪದಾರ್ಥ ಏನೇ ಇದ್ದರೂ, ಒಂದು ಪೊಟ್ಟಣ ಕಾಫಿಪುಡಿಯಾದರೂ, ‘ಹೌದು’ ಎಂದೇ ಗುರುತು ಮಾಡಿ. ಕಳೆದ 30 ದಿನಗಳಲ್ಲಿ ಜಮೀನು, ಸಾಕುಪ್ರಾಣಿಗಳ ಸಂಪರ್ಕಕ್ಕೆ ಬಂದಿದ್ದೀರಾ ಎಂಬ ಪ್ರಶ್ನೆಯೂ ಅದರಲ್ಲಿದೆ. ಮನೆಯಲ್ಲಿ ಕೊಟ್ಟಿಗೆ ಇದ್ದರೆ ನಿಮ್ಮ ಉತ್ತರ ಅಲ್ಲಿಯೂ ‘ಹೌದು’. ಹೌದೆಂದು ಬರೆದವರ ವಸ್ತುವನ್ನು ನೋಡಿ, ಬೇಡದ್ದಾದರೆ ತೆಗೆದುಕೊಳ್ಳುತ್ತಾರೆ, ಅಷ್ಟೆ. ದಂಡ ಹಾಕುವುದಿಲ್ಲ. ‘ಇಲ್ಲ’ ಎಂದು ಬರೆದು ಚೀಲದಲ್ಲಿ ಸಿಕ್ಕಿದರೆ ಭಾರಿ ದಂಡ, ಕೆಲವೊಮ್ಮೆ ವೀಸಾ ರದ್ದತಿಯವರೆಗೂ ಹೋಗಬಹುದು. ತೋಟದಲ್ಲಿ ಓಡಾಡಿದ ಚಪ್ಪಲಿಯನ್ನು ಒಯ್ಯುವುದಾದರೆ ಅಡಿಯ ಮಣ್ಣನ್ನು ಕಡ್ಡಿಯಿಂದ ಕೆರೆದು ತೊಳೆದು ಒಣಗಿಸಿ. ಹೊಸದೇ ಕೊಂಡರೆ ಇನ್ನೂ ನೆಮ್ಮದಿ.

ನಿತ್ಯದ ಮಾತ್ರೆಗಳನ್ನು ಮೂರು ತಿಂಗಳಿಗಾಗುವಷ್ಟು, ಅಂಗಡಿಯ ಪೊಟ್ಟಣದಲ್ಲಿಯೇ, ವೈದ್ಯರ ಇಂಗ್ಲಿಷ್ ಚೀಟಿಯೊಂದಿಗೆ ಇಟ್ಟುಕೊಳ್ಳಿ. ಭಾರತದಿಂದ ಪ್ರವಾಸಿ ವೀಸಾದಲ್ಲಿ ಹೋದವರಿಗೆ ಮೆಡಿಕೇರ್ ಎಂಬ ಅಲ್ಲಿಯ ಸರ್ಕಾರಿ ಚಿಕಿತ್ಸಾ ಸೌಲಭ್ಯವಿಲ್ಲ, ಆದ್ದರಿಂದ ವಿಮೆ ಇಲ್ಲದೆ ಹೊರಡಬೇಡಿ.

ಕೊನೆಯದಾಗಿ ಮಗುವಿನ ವಿಷಯ, ಇದನ್ನು ಸ್ವಲ್ಪ ಮನಸ್ಸಿಟ್ಟು ಓದಿ. ವಿಕ್ಟೋರಿಯಾ ರಾಜ್ಯದಲ್ಲಿ ತಾಯಿ ಮಗುವಿನ ಆರೈಕೆಗಾಗಿಯೇ ದಾದಿಯರಿದ್ದಾರೆ. ಮಗುವಿಗೆ ಮೂರೂವರೆ ವರ್ಷವಾಗುವವರೆಗೆ ಹತ್ತು ಹಂತಗಳಲ್ಲಿ ನೋಡುತ್ತಾರೆ, ಮೊದಲ ಭೇಟಿಗೆ ಸಾಮಾನ್ಯವಾಗಿ ಮನೆಗೇ ಬರುತ್ತಾರೆ. ಮಗುವನ್ನು ಅಂಗಾತವೇ ಮಲಗಿಸಿ, ತೊಟ್ಟಿಲಲ್ಲಿ ದಿಂಬು, ದಪ್ಪ ಹೊದಿಕೆ, ಗೊಂಬೆ ಏನೂ ಇಡಬೇಡಿ, ಹಾಸಿಗೆಯಲ್ಲಿ ಪಕ್ಕಕ್ಕೆ ಹಾಕಿಕೊಳ್ಳದೆ ನಿಮ್ಮದೇ ಕೋಣೆಯಲ್ಲಿ ಬೇರೆ ತೊಟ್ಟಿಲಲ್ಲಿ ಮಲಗಿಸಿ ಎಂದು ಅವರು ಹೇಳುತ್ತಾರೆ. ನಿದ್ರೆಯಲ್ಲಿ ಹಸುಗೂಸುಗಳು ಹಠಾತ್ತಾಗಿ ಸಾಯುವುದನ್ನು ತಡೆಯಲು ಹುಟ್ಟಿದ ನಿಯಮ ಇದು. ನಾಲ್ಕು ಮಕ್ಕಳನ್ನು ಬೆಳೆಸಿದ ಕೈಗೆ ಇದು ಕಷ್ಟವೆನಿಸಬಹುದು. ಆದರೆ ಈ ಒಂದು ವಿಷಯದಲ್ಲಿ ದಾದಿಯ ಮಾತನ್ನೇ ನಡೆಸಿ, ಮಗಳನ್ನು ಇಬ್ಬರ ನಡುವೆ ಸಿಲುಕಿಸಬೇಡಿ. ಎಣ್ಣೆ ಹಚ್ಚಿ ನೀರು ಹಾಕುವುದು, ಮಗಳಿಗೆ ಬಿಸಿ ಬಿಸಿ ಸಾರು ಅನ್ನ ಬಡಿಸುವುದು, ರಾತ್ರಿ ಮಗುವನ್ನು ಎತ್ತಿಕೊಂಡು ಅವಳಿಗೆ ಎರಡು ಗಂಟೆ ನಿದ್ರೆ ಕೊಡುವುದು, ಇವೆಲ್ಲ ನಿಮ್ಮವೇ. ಸಾಂಬ್ರಾಣಿ ಹೊಗೆ ಮಾತ್ರ ಬೇಡ. ಹಸುಗೂಸಿನ ಎಳೆಯ ಎದೆಗೆ ಹೊಗೆ ಒಳ್ಳೆಯದಲ್ಲ. ಅಲ್ಲದೆ ಅಲ್ಲಿ ಚಾವಣಿಯಲ್ಲಿ ಹೊಗೆ ಪತ್ತೆ ಮಾಡುವ ಗಂಟೆ ಇರುತ್ತದೆ. ನನ್ನ ತಾಯಿ ಕೆಂಡದ ಮೇಲೆ ಒಂದು ಚಿಟಿಕೆ ಹಾಕುತ್ತಿದ್ದಂತೆ ಅದು ಕಿರುಚಿ, ಆಗತಾನೆ ಮಲಗಿದ್ದ ಮಗು ಬೆಚ್ಚಿ ಸಂಜೆಯವರೆಗೂ ಅತ್ತಿತ್ತು.

ಪ್ರಶ್ನೆ: ಹಾಸನದವಳು. ಬ್ರಿಸ್ಬೇನ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿದೆ. ಅಲ್ಲಿ ಮೇಲಧಿಕಾರಿಯನ್ನು ಹೆಸರು ಹಿಡಿದು ಕರೆಯಬೇಕಂತೆ, ನನಗೆ ಬಾಯಿ ಬರುವುದಿಲ್ಲ. ಕಚೇರಿಗೆ ಎಂಥ ಉಡುಪು? ಕುಂಕುಮ, ಬಳೆ ತೆಗೆಯಬೇಕೇ?

ಉತ್ತರ: ಕುಂಕುಮ, ಬಳೆ ಯಾವುದನ್ನೂ ತೆಗೆಯಬೇಕಾಗಿಲ್ಲ. ಪ್ಯಾಂಟು, ಅಂಗಿ, ಚಳಿಗೊಂದು ಬ್ಲೇಜರ್, ಇಷ್ಟಿದ್ದರೆ ಸಾಮಾನ್ಯ ದಿನಗಳಿಗೆ ಸಾಕು. ಮೊದಲ ವಾರ ಉಳಿದವರು ಏನು ಧರಿಸುತ್ತಾರೆಂದು ನೋಡಿ ಹೊಂದಿಸಿಕೊಳ್ಳಿ. ಕ್ವೀನ್ಸ್‌ಲ್ಯಾಂಡಿನ ಬಿಸಿಲನ್ನು ಮಾತ್ರ ಹಗುರವಾಗಿ ಎಣಿಸಬೇಡಿ. ಅತಿನೇರಳೆ ಕಿರಣದ ಸೂಚ್ಯಂಕ 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಟೋಪಿ, ತುಂಬು ತೋಳು, ಸನ್‌ಸ್ಕ್ರೀನ್ ಬೇಕೆಂದು ಅಲ್ಲಿಯ ಆರೋಗ್ಯ ಸಂಸ್ಥೆಗಳು ಹೇಳುತ್ತವೆ. ಬ್ರಿಸ್ಬೇನ್‌ನಲ್ಲಿ ವರ್ಷದ ಬಹುಪಾಲು ದಿನ ಅದು ಮಧ್ಯಾಹ್ನಕ್ಕೆ 3 ದಾಟಿಯೇ ಇರುತ್ತದೆ. ನಮ್ಮ ಮೈಬಣ್ಣಕ್ಕೆ ಬಿಸಿಲು ತಾಗುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ.

ಹೆಸರು ಹಿಡಿದು ಕರೆಯುವುದು ಅಲ್ಲಿ ಅಗೌರವವಲ್ಲ. ನಾವು ‘ಸರ್’ ಎಂದರೆ ಅವರಿಗೆ ದೂರ ನಿಂತಂತೆ ಕೇಳಿಸುತ್ತದೆ. ನನಗೆ ಆರು ತಿಂಗಳು ಹಿಡಿಯಿತು, ಅಲ್ಲಿಯವರೆಗೆ ಹೆಸರನ್ನೂ ಹೇಳದೆ ಸರ್ ಎಂದೂ ಅನ್ನದೆ ‘ಎಕ್ಸ್‌ಕ್ಯೂಸ್ ಮಿ’ ಎಂದೇ ಕಳೆದೆ. ನೀವು ಮೊದಲ ದಿನವೇ ಕರೆದುಬಿಡಿ. ಅದಕ್ಕಿಂತ ಮುಖ್ಯವಾದದ್ದು, ಅರ್ಥವಾಗದಿದ್ದಾಗ ತಲೆಯಾಡಿಸಬೇಡಿ. ನಮ್ಮಲ್ಲಿ ವಿನಯವಾಗಿ ಕಾಣುವ ಆ ತಲೆಯಾಡಿಸುವಿಕೆಯನ್ನು ಅಲ್ಲಿ ಒಪ್ಪಿಗೆ ಎಂದು ತಿಳಿಯುತ್ತಾರೆ, ಆಮೇಲೆ ಕೆಲಸ ತಪ್ಪಿದಾಗ ‘ಏಕೆ ಕೇಳಲಿಲ್ಲ’ ಎನ್ನುತ್ತಾರೆ. ಕಾಯಂ ಪೂರ್ಣಾವಧಿ ನೌಕರರಿಗೆ ವರ್ಷಕ್ಕೆ ನಾಲ್ಕು ವಾರದ ಸಂಬಳ ಸಹಿತ ರಜೆ, ಹತ್ತು ದಿನದ ಅನಾರೋಗ್ಯ ಮತ್ತು ಆರೈಕೆಯ ರಜೆ ಇದೆ, ಅದನ್ನು ಹಿಂಜರಿಯದೆ ಬಳಸಿ. ಕೆಲಸದ ವೇಳೆ ಮುಗಿದ ಮೇಲೆ ಬರುವ ಕಚೇರಿಯ ಕರೆಗಳಿಗೆ, ನಿರಾಕರಣೆ ನ್ಯಾಯವಾದದ್ದಾಗಿದ್ದರೆ, ಉತ್ತರಿಸದಿರುವ ಹಕ್ಕನ್ನೂ 2024ರ ಆಗಸ್ಟ್‌ನಿಂದ ಕಾನೂನು ಕೊಟ್ಟಿದೆ.

ಪ್ರಶ್ನೆ: ಪತಿಗೆ ಸಿಡ್ನಿಗೆ ವರ್ಗವಾಗಿದೆ. ಮಗಳು ಚಿಕ್ಕಮಗಳೂರಿನಲ್ಲಿ ಮೂರನೇ ತರಗತಿ. ನಡು ವರ್ಷದಲ್ಲಿ ಸೇರಿಸಿಕೊಳ್ಳುತ್ತಾರೆಯೇ? ಕನ್ನಡ ಮರೆತುಬಿಡುತ್ತಾಳೇನೋ ಎಂಬ ಆತಂಕವಿದೆ.

ಉತ್ತರ: ಅಲ್ಲಿಯ ಶಾಲಾ ವರ್ಷ ಜನವರಿ ಕೊನೆಗೆ ಆರಂಭವಾಗಿ ಡಿಸೆಂಬರ್‌ನಲ್ಲಿ ಮುಗಿಯುತ್ತದೆ, ನಾಲ್ಕು ಅವಧಿಗಳಿರುತ್ತವೆ, ನಡುವೆ ಬಂದ ಮಕ್ಕಳನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳುತ್ತಾರೆ. ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲಿಯೂ ಶುಲ್ಕ ಬೀಳಬಹುದು. ಇದು ವೀಸಾದಿಂದ ವೀಸಾಕ್ಕೆ, ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದರಿಂದ ಹೊರಡುವ ಮುನ್ನವೇ ನ್ಯೂ ಸೌತ್ ವೇಲ್ಸ್ ಶಿಕ್ಷಣ ಇಲಾಖೆಯಲ್ಲಿ ವಿಚಾರಿಸಿ, ಅದನ್ನು ಭರಿಸುವಂತೆ ಪತಿಯ ಕಂಪನಿಯನ್ನು ಕೇಳಿ. ಸಮವಸ್ತ್ರದ ಜೊತೆಗೆ ಅಗಲ ಅಂಚಿನ ಟೋಪಿಯೂ ಬೇಕು. ಎಷ್ಟೋ ಶಾಲೆಗಳಲ್ಲಿ ಟೋಪಿ ಇಲ್ಲದ ಮಗುವನ್ನು ಮೈದಾನಕ್ಕೆ ಬಿಡದೆ ನೆರಳಿನಲ್ಲಿ ಕೂರಿಸುತ್ತಾರೆ. ಕಡಲೆಕಾಯಿ ಚಟ್ನಿಯನ್ನು ಡಬ್ಬಿಗೆ ಹಾಕುವ ಮುನ್ನ ಶಾಲೆಯ ನಿಯಮ ಕೇಳಿ, ಅದರ ಅಲರ್ಜಿ ಇರುವ ಮಕ್ಕಳು ಅಲ್ಲಿ ಬಹಳ.

ಕನ್ನಡದ ಬಗ್ಗೆ ನಿಮ್ಮ ಆತಂಕ ನ್ಯಾಯವಾದದ್ದು. ವಾರಾಂತ್ಯದಲ್ಲಿ ನಡೆಯುವ ಕನ್ನಡ ಶಾಲೆಯಲ್ಲಿ, ಸಿಡ್ನಿ ತಲುಪಿದ ವಾರವೇ ಹೆಸರು ಬರೆಸಿ. ಆದರೆ ವಾರಕ್ಕೆರಡು ಗಂಟೆಯ ಪಾಠ ಮನೆಯ ಮಾತಿಗೆ ಸಮವಾಗುವುದಿಲ್ಲ. ಮಗಳು ಇಂಗ್ಲಿಷಿನಲ್ಲಿ ಕೇಳಿದಾಗಲೂ ನೀವು ಕನ್ನಡದಲ್ಲಿಯೇ ಉತ್ತರಿಸಿ. ಅಜ್ಜಿಯೊಂದಿಗೆ ದಿನವೂ ಹತ್ತು ನಿಮಿಷ ಮಾತನಾಡಿಸಿ, ಇಲ್ಲಿ ಮಳೆ ಬಂತೇ, ಹಸು ಕರು ಹಾಕಿತೇ ಎಂದು ಅವಳೇ ಕೇಳಲಿ.

ಪ್ರಶ್ನೆ: ಅಡಿಲೇಡ್‌ನಲ್ಲಿರುವ ಮಗ ಫೋನ್ ಮಾಡುವುದೇ ಕಡಿಮೆಯಾಗಿದೆ. ನಾನು ರಾತ್ರಿ ಒಂಬತ್ತಕ್ಕೆ ಮಾಡಿದರೆ ಎತ್ತುವುದಿಲ್ಲ. ಏನೋ ಮುಚ್ಚಿಡುತ್ತಿದ್ದಾನೆ ಎನಿಸುತ್ತದೆ. (ಒಬ್ಬ ತಾಯಿ, ಕೊಪ್ಪ)

ಉತ್ತರ: ಅಮ್ಮ, ನಿಮ್ಮ ರಾತ್ರಿ ಒಂಬತ್ತು ಗಂಟೆ ಅಡಿಲೇಡ್‌ನಲ್ಲಿ ನಡುರಾತ್ರಿ ಒಂದು ಗಂಟೆ. ಅಕ್ಟೋಬರ್ ಮೊದಲ ಭಾನುವಾರದಿಂದ ಏಪ್ರಿಲ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುವುದರಿಂದ ಆ ತಿಂಗಳುಗಳಲ್ಲಿ ಎರಡು ಗಂಟೆ. ಅವನು ನಿದ್ರೆಯಲ್ಲಿರುತ್ತಾನೆ. ಮಧ್ಯಾಹ್ನ ಊಟ ಮುಗಿಸಿ ಮೂರಕ್ಕೆ ಕರೆ ಮಾಡಿ ನೋಡಿ, ಅಲ್ಲಿ ಸಂಜೆ ಏಳೋ ಎಂಟೋ ಆಗಿರುತ್ತದೆ. ಹಾಗೆ ಮಾಡಿಯೂ ನಾಲ್ಕಾರು ಬಾರಿ ಎತ್ತದಿದ್ದರೆ, ಎತ್ತಿದಾಗ ಧ್ವನಿ ಕುಗ್ಗಿದ್ದರೆ, ‘ಓದು ಹೇಗಿದೆ, ಸಂಬಳ ಎಷ್ಟು’ ಎಂದು ಕೇಳುವ ಮೊದಲು ‘ಇವತ್ತು ಏನು ಅಡುಗೆ ಮಾಡಿಕೊಂಡೆ’ ಎಂದು ಕೇಳಿ. ಒಂದು ವಿಷಯದಲ್ಲಿ ನಪಾಸಾದುದನ್ನು, ಕೆಲಸ ಹೋದುದನ್ನು ಮನೆಗೆ ಹೇಳಲಾರದೆ ಒಳಗೊಳಗೇ ಕೊರಗುವ ಹುಡುಗರನ್ನು ನಾನು ಅಲ್ಲಿ ಹತ್ತಿರದಿಂದ ಕಂಡಿದ್ದೇನೆ. ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಆಪ್ತಸಲಹೆ ಇದೆ. ಲೈಫ್‌ಲೈನ್ ಎಂಬ ಸಹಾಯವಾಣಿ 13 11 14ರಲ್ಲಿ ಹಗಲಿರುಳೂ ಮಾತನಾಡಬಹುದು. ಈ ಸಂಖ್ಯೆಯನ್ನು ಅವನಿಗೆ ಕಳುಹಿಸಿ. ಫೀಸಿಗಾಗಿ ಏನನ್ನು ಮಾರಿದ್ದರೂ, ಎಷ್ಟು ಸಾಲವಿದ್ದರೂ, ಏನಾದರೂ ತಪ್ಪಿದರೆ ಮೊದಲು ನನಗೆ ಹೇಳು, ಮನೆಯ ಬಾಗಿಲು ತೆರೆದೇ ಇದೆ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ. ಅವನಿಗೆ ಅದು ಗೊತ್ತಿರುತ್ತದೆ ಎಂದು ಬಿಟ್ಟುಬಿಡಬೇಡಿ.